ಕಟ್ಟುವ ಆಟ, ಕೊನೆಗೊಬ್ಬ ಉಳಿಯುವ ಆಟ



ಪರೀಕ್ಷೆಗಳು ಮುಗಿದು ಬೇಸಿಗೆಯ ರಜೆ ಸಮೀಪಿಸಿತೆಂದರೆ ನಮ್ಮ ಕುಟುಂಬಗಳಲ್ಲಿ ಒಂದು ಹಳೆಯ ವ್ಯಾಜ್ಯ ಹೊಸದಾಗಿ ತಲೆಯೆತ್ತುತ್ತದೆ. ಮಕ್ಕಳ ಕೈಗೆ ಮೊಬೈಲು ಕೊಡಬೇಕೆ, ಬೇಡವೆ ಎಂಬುದೇ ಆ ವ್ಯಾಜ್ಯ. ತಾಯಿ ಕೊಡಬಾರದೆನ್ನುತ್ತಾಳೆ, ತಂದೆ ಸ್ವಲ್ಪ ಹೊತ್ತು ಆಡಲಿ ಎನ್ನುತ್ತಾನೆ, ಅಜ್ಜ ಇಬ್ಬರನ್ನೂ ಬೈಯುತ್ತಾರೆ. ಆದರೆ ಮಗು ಆಡುತ್ತಿರುವ ಆಟ ಯಾವುದು ಎಂದು ಕೇಳಿದರೆ ಮೂವರೂ ‘ಏನೋ ಗೇಮು’ ಎಂಬಲ್ಲಿಗೆ ಮಾತು ನಿಲ್ಲಿಸುತ್ತಾರೆ. ಇಂದಿನ ಅಂಕಣದಲ್ಲಿ ನಾವು ಈ ‘ಏನೋ ಗೇಮು’ ಎಂಬ ಮಾತನ್ನು ಬಿಡಿಸಿ ನೋಡಲು ಬಯಸುತ್ತೇವೆ. ಅಡುಗೆಮನೆಯ ಚಾಕುವನ್ನೂ ಯುದ್ಧದ ಖಡ್ಗವನ್ನೂ ‘ಏನೋ ಕಬ್ಬಿಣ’ ಎಂದು ಒಂದೇ ಗಂಟಿನಲ್ಲಿ ಕಟ್ಟುವವರು ಯಾರೂ ಇಲ್ಲವಷ್ಟೆ.

ನಮ್ಮ ಕಾಮಾಕ್ಷಿಪಾಳ್ಯದಂತಹ ಬಡಾವಣೆಯಲ್ಲಿ ಈ ಪ್ರಶ್ನೆಗೆ ಹೆಚ್ಚಿನ ತೂಕವಿದೆ. ಮಾಗಡಿ ರಸ್ತೆಯ ಇಕ್ಕೆಲಗಳ ಒಳಬೀದಿಗಳಲ್ಲಿ ಲೇತ್ ಯಂತ್ರಗಳ ಸದ್ದು, ವೆಲ್ಡಿಂಗಿನ ಕಿಡಿ, ಬಣ್ಣದ ವಾಸನೆ. ಚಿಕ್ಕ ಕಾರ್ಖಾನೆಗಳ ನಡುವೆಯೇ ಮನೆಗಳು. ತಂದೆ ವರ್ಕ್‌ಶಾಪಿನಲ್ಲಿ, ತಾಯಿ ಗಾರ್ಮೆಂಟ್ಸಿನಲ್ಲಿ ಅಥವಾ ಕಚೇರಿಯಲ್ಲಿ ದುಡಿಯುವ ಮನೆಯ ಮಗು ಶಾಲೆಯಿಂದ ಬಂದು ಬಾಗಿಲು ತೆರೆದರೆ ಒಳಗೆ ಕಾಯುತ್ತಿರುವುದು ಗೋಡೆಗಳು ಮಾತ್ರ. ಬೀದಿಯಲ್ಲಿ ಆಡೋಣವೆಂದರೆ ಸರಕಿನ ಟೆಂಪೋಗಳು. ಹೀಗಿರುವಾಗ ಅಂಗೈಯಗಲದ ಗಾಜಿನೊಳಗೆ ಒಂದು ವಿಶಾಲ ಮೈದಾನ ತೆರೆದುಕೊಂಡರೆ ಮಗು ಅದರೊಳಗೆ ಓಡಿಹೋಗುವುದು ಸಹಜವೇ. ಅಪರಾಧವೆಂದು ಅದನ್ನು ಬಗೆಯುವ ಮೊದಲು ಆ ಮೈದಾನ ಎಂಥದೆಂದು ನಾವು ತಿಳಿಯಬೇಕು.

ಆಟದೊಳಗೆ ಯುದ್ಧವಿರುವುದು ಹೊಸ ಸಂಗತಿಯಲ್ಲ. ಚದುರಂಗವೇ ಒಂದು ಯುದ್ಧ. ನಮ್ಮ ಹಳ್ಳಿಗಳ ಹುಲಿ-ಕುರಿ ಆಟದಲ್ಲಿ ಹುಲಿ ಕುರಿಯನ್ನು ತಿನ್ನುತ್ತದೆ, ಕುರಿಗಳು ಹುಲಿಯನ್ನು ಕಟ್ಟಿಹಾಕುತ್ತವೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) ಮಣೆಯಾಟಗಳ ಬಗ್ಗೆ ಅಪಾರ ಆಸಕ್ತಿ ಹೊಂದಿದ್ದರು. ಅವರ ಹೆಸರಿನಲ್ಲಿರುವ ಶ್ರೀತತ್ತ್ವನಿಧಿಯ ‘ಕೌತುಕನಿಧಿ’ ಎಂಬ ಭಾಗ ಆಟಗಳಿಗೇ ಮೀಸಲು. ಚದುರಂಗದ ಕುದುರೆಯೊಂದನ್ನೇ ಹಿಡಿದು, ಅರುವತ್ತನಾಲ್ಕು ಮನೆಗಳನ್ನೂ ಒಂದೊಂದು ಸಲ ಮಾತ್ರ ಮುಟ್ಟಿ ಬರುವಂತೆ ನಡೆಸುವ ಸಮಸ್ಯೆಗಳನ್ನೂ ಅವರು ಬಿಡಿಸಿದ್ದರು. ಇದರಲ್ಲಿ ನಮಗೊಂದು ಪಾಠವಿದೆ. ಅದೇ ಮಣೆ, ಅದೇ ಕುದುರೆ. ಎದುರಿಗೊಬ್ಬ ವೈರಿ ಕುಳಿತರೆ ಕಾಳಗ. ಒಬ್ಬರೇ ಕುಳಿತರೆ ಒಗಟು. ಮೊಬೈಲಿನೊಳಗಿನ ಆಟಗಳೂ ಬಹುಮಟ್ಟಿಗೆ ಈ ಎರಡು ಜಾತಿಗೆ ಸೇರುತ್ತವೆ. ಒಂದೊಂದು ಜಾತಿಗೆ ಒಂದೊಂದು ಪ್ರಸಿದ್ಧ ಉದಾಹರಣೆಯನ್ನು ತೆಗೆದುಕೊಳ್ಳೋಣ.

ಮೊದಲನೆಯದು ಒಗಟಿನ ಆಟ. ಇಂದು ನಲವತ್ತು ದಾಟಿದ ಓದುಗರಿಗೆ 1990ರ ದಶಕದ ‘ಬ್ರಿಕ್ ಗೇಮ್’ ನೆನಪಿರಬಹುದು. ಎರಡು ಪೆನ್ಸಿಲ್ ಸೆಲ್ಲು ಹಾಕಿದರೆ ತಿಂಗಳುಗಟ್ಟಲೆ ನಡೆಯುತ್ತಿದ್ದ, ಜಾತ್ರೆಯ ಅಂಗಡಿಗಳಲ್ಲಿಯೂ ಸಿಗುತ್ತಿದ್ದ ಪುಟ್ಟ ಡಬ್ಬಿ ಅದು. ಮೇಲಿನಿಂದ ಇಟ್ಟಿಗೆಯ ತುಂಡುಗಳು ಬೀಳುತ್ತವೆ; ಅವನ್ನು ತಿರುಗಿಸಿ, ಪಕ್ಕಕ್ಕೆ ಸರಿಸಿ, ಸಂದಿಲ್ಲದಂತೆ ಒಂದು ಸಾಲು ತುಂಬಿಸಿದರೆ ಆ ಸಾಲು ಮಾಯವಾಗುತ್ತದೆ. ಇದರ ಮೂಲರೂಪವೇ ಟೆಟ್ರಿಸ್. 1984ರಲ್ಲಿ ಮಾಸ್ಕೋದ ಸೋವಿಯತ್ ವಿಜ್ಞಾನ ಅಕಾಡೆಮಿಯ ಗಣಕ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದ ಅಲೆಕ್ಸಿ ಪಜಿತ್ನೋವ್ ಅದನ್ನು ರಚಿಸಿದರು. ಅವರ ಎಲೆಕ್ಟ್ರೋನಿಕಾ-60 ಗಣಕಯಂತ್ರಕ್ಕೆ ಚಿತ್ರ ಬಿಡಿಸುವ ಸಾಮರ್ಥ್ಯವಿರಲಿಲ್ಲವಾದ್ದರಿಂದ ಬರವಣಿಗೆಯ ಆವರಣ ಚಿಹ್ನೆಗಳನ್ನೇ ಜೋಡಿಸಿ ಇಟ್ಟಿಗೆಗಳನ್ನು ತೋರಿಸಿದರು. ನಾಲ್ಕು ಚೌಕಗಳು ಕೂಡಿದ ಏಳು ಆಕಾರಗಳು, ಹತ್ತು ಚೌಕದ ಅಗಲ, ಇಪ್ಪತ್ತು ಚೌಕದ ಎತ್ತರ. ಆಟದ ಸಮಸ್ತ ಬಂಡವಾಳ ಇಷ್ಟೇ. 1989ರಲ್ಲಿ ಜಪಾನಿನ ನಿಂಟೆಂಡೊ ಸಂಸ್ಥೆಯ ಗೇಮ್‌ಬಾಯ್ ಯಂತ್ರದೊಡನೆ ಅದು ಜಗತ್ತನ್ನೇ ಸುತ್ತಿತು.

ಎರಡನೆಯದು ‘ಬ್ಯಾಟಲ್ ರಾಯಲ್’ ಎಂದು ಕರೆಯಲಾಗುವ ಆಟ. ಈ ಹೆಸರು ಪ್ರಚಲಿತವಾದದ್ದು ಜಪಾನಿನ ಕೌಶುನ್ ತಕಾಮಿಯವರು 1999ರಲ್ಲಿ ಪ್ರಕಟಿಸಿದ ಕಾದಂಬರಿ ಮತ್ತು ಮರುವರ್ಷ ಅದನ್ನಾಧರಿಸಿ ಬಂದ ಚಲನಚಿತ್ರದಿಂದ. ಶಾಲಾಬಾಲಕರನ್ನು ದ್ವೀಪವೊಂದರಲ್ಲಿ ಬಿಟ್ಟು, ಕೊನೆಗೊಬ್ಬ ಉಳಿಯುವವರೆಗೆ ಪರಸ್ಪರ ಕೊಲ್ಲುವಂತೆ ಕಟ್ಟುಮಾಡುವ ಭೀಕರ ಕಥೆ ಅದು. ಈ ಕಲ್ಪನೆಯನ್ನು ಆಟವಾಗಿ ಬೆಳೆಸಿದವರಲ್ಲಿ ಪ್ರಮುಖರು ಐರ್ಲೆಂಡಿನ ಬ್ರೆಂಡನ್ ಗ್ರೀನ್. ದಕ್ಷಿಣ ಕೊರಿಯಾದ ಸಂಸ್ಥೆಯೊಂದಿಗೆ ಅವರು ರೂಪಿಸಿದ ಪಬ್‌ಜಿ 2017ರಲ್ಲಿ ಗಣಕಯಂತ್ರಗಳಿಗೆ, 2018ರಲ್ಲಿ ಮೊಬೈಲಿಗೆ ಬಂದಿತು. ನೂರು ಜನ ಆಟಗಾರರು ವಿಮಾನದಿಂದ ಛತ್ರಿ ಹಿಡಿದು ಬರಿಗೈಯಲ್ಲಿ ಇಳಿಯುತ್ತಾರೆ. ಇದರ ಪ್ರಸಿದ್ಧ ರಣಭೂಮಿ ಎಂಟು ಕಿಲೋಮೀಟರ್ ಉದ್ದ, ಎಂಟು ಕಿಲೋಮೀಟರ್ ಅಗಲದ ದ್ವೀಪ. ಪಾಳುಮನೆಗಳಲ್ಲಿ ಬಂದೂಕು ಹುಡುಕಬೇಕು, ಅಡಗಬೇಕು, ಹೊಡೆಯಬೇಕು. ಸುರಕ್ಷಿತ ಪ್ರದೇಶವನ್ನು ಸೂಚಿಸುವ ವೃತ್ತ ಹಂತಹಂತವಾಗಿ ಕುಗ್ಗುತ್ತದೆ, ಹೊರಗುಳಿದವರು ಸಾಯುತ್ತಾರೆ. ಹೀಗೆ ಅಡಗಿ ಕುಳಿತವನನ್ನೂ ಆಟ ತಾನಾಗಿಯೇ ವೈರಿಯ ಎದುರಿಗೆ ತಂದು ನಿಲ್ಲಿಸುತ್ತದೆ. ಸುಮಾರು ಅರ್ಧ ಗಂಟೆಯಲ್ಲಿ ಒಬ್ಬನೋ ಒಂದು ತಂಡವೋ ಉಳಿಯುತ್ತದೆ. ಗೆದ್ದವನಿಗೆ ‘ಚಿಕನ್ ಡಿನ್ನರ್’ ದೊರಕಿತೆಂದು ಪರದೆಯ ಮೇಲೆ ಬರಹ ಮೂಡುತ್ತದೆ. ಸಸ್ಯಾಹಾರಿ ಮನೆಯ ಮೊಮ್ಮಗ ಕೋಣೆಯಿಂದ ‘ಚಿಕನ್ ಡಿನ್ನರ್’ ಎಂದು ಹರ್ಷೋದ್ಗಾರ ಮಾಡಿದಾಗ ಅಜ್ಜಿ ಜಪಮಾಲೆ ಕೆಳಗಿಟ್ಟು ಎದ್ದು ಬಂದರೆ ಆಶ್ಚರ್ಯವಿಲ್ಲ!

ಇನ್ನು ಎರಡನ್ನೂ ಹೋಲಿಸೋಣ. ಒಂದರಲ್ಲಿ ಬಂದೂಕಿಲ್ಲ, ಇನ್ನೊಂದರಲ್ಲಿ ಇದೆ; ಆದ್ದರಿಂದ ಒಂದು ಒಳ್ಳೆಯದು, ಇನ್ನೊಂದು ಕೆಟ್ಟದ್ದು ಎಂದು ತೀರ್ಪು ಕೊಟ್ಟು ಏಳುವುದು ಸುಲಭ. ಆದರೆ ನಮ್ಮ ದೃಷ್ಟಿಯಲ್ಲಿ ಮನೆಯವರಿಗೆ ಪ್ರಯೋಜನವಾಗುವ ವ್ಯತ್ಯಾಸಗಳು ನಾಲ್ಕು.

ಮೊದಲನೆಯದು ಸೋಲಿನ ಸ್ವರೂಪ. ಟೆಟ್ರಿಸ್‌ನಲ್ಲಿ ವೈರಿಯಿಲ್ಲ. ಅಲ್ಲಿ ಗೆಲುವೆಂಬುದೂ ಇಲ್ಲ. ಇಟ್ಟಿಗೆಗಳು ವೇಗವಾಗಿ ಬೀಳುತ್ತ ಹೋಗಿ ಒಂದು ಕ್ಷಣದಲ್ಲಿ ಗೋಪುರ ತುದಿ ಮುಟ್ಟುತ್ತದೆ, ಆಟ ಮುಗಿಯುತ್ತದೆ. 2023ರ ಡಿಸೆಂಬರಿನಲ್ಲಿ ಅಮೆರಿಕದ 13 ವರ್ಷದ ಬಾಲಕನೊಬ್ಬ ನಿಂಟೆಂಡೊದ ಹಳೆಯ ಟೆಟ್ರಿಸ್ ಆಡುತ್ತ ಆಡುತ್ತ 157ನೆಯ ಹಂತಕ್ಕೇರಿದಾಗ ಯಂತ್ರದ ಲೆಕ್ಕವೇ ತಪ್ಪಿ ಆಟ ಸ್ತಬ್ಧವಾಯಿತು. ‘ಟೆಟ್ರಿಸ್ ಗೆದ್ದವನು’ ಎಂದು ಜಗತ್ತು ಅವನನ್ನು ಕೊಂಡಾಡಿತು. ಅಷ್ಟು ವರ್ಷ ಆಡಿದ ಕೋಟ್ಯಂತರ ಜನರೆಲ್ಲ ಸೋತವರೇ. ಆದರೂ ಯಾರೂ ಅವಮಾನಗೊಂಡವರಲ್ಲ. ನಿನ್ನೆಯ ನನ್ನ ಅಂಕಕ್ಕಿಂತ ಇಂದಿನದು ಮೇಲೆಯೆ ಎಂಬುದೊಂದೇ ಅಲ್ಲಿನ ಪ್ರಶ್ನೆ. ಬ್ಯಾಟಲ್ ರಾಯಲಿನಲ್ಲಿ ಸೋಲಿಸುವವನು ಮನುಷ್ಯ. ಒಬ್ಬೊಬ್ಬರಾಗಿ ಆಡಿದರೆ ಪ್ರತಿ ಆಟಕ್ಕೂ ನೂರರಲ್ಲಿ ತೊಂಬತ್ತೊಂಬತ್ತು ಜನ ಸೋಲಲೇಬೇಕೆಂಬುದು ಅದರ ಲೆಕ್ಕಾಚಾರ. ಕೊಂದವನ ಹೆಸರು ಪರದೆಯ ಮೇಲೆ ಕಾಣುತ್ತದೆ. ಸೇಡು ತೀರಿಸಿಕೊಳ್ಳಲು ಇನ್ನೊಂದು ಆಟ ಎಂಬ ಹಟ ಅಲ್ಲಿ ಹುಟ್ಟುವಷ್ಟು ಇಟ್ಟಿಗೆಯ ಮೇಲೆ ಹುಟ್ಟುವುದಿಲ್ಲ.

ಎರಡನೆಯದು ಆಟ ನಿಲ್ಲಿಸುವ ಅಧಿಕಾರ. ಇದು ತಂದೆತಾಯಿಗಳು ಮುಖ್ಯವಾಗಿ ತಿಳಿಯಬೇಕಾದ ಸಂಗತಿ ಎಂದು ನಾವು ಭಾವಿಸುತ್ತೇವೆ. ಒಗಟಿನ ಆಟವನ್ನು ಒಂದು ಗುಂಡಿಯೊತ್ತಿ ತಡೆದು ನಿಲ್ಲಿಸಬಹುದು. ಊಟ ಮಾಡಿ ಬಂದರೆ ಇಟ್ಟಿಗೆ ಗಾಳಿಯಲ್ಲಿಯೇ ಕಾದಿರುತ್ತದೆ. ಬ್ಯಾಟಲ್ ರಾಯಲಿಗೆ ತಡೆಯ ಗುಂಡಿಯೇ ಇಲ್ಲ. ಬೇರೆ ಬೇರೆ ಊರುಗಳ ನೂರು ಜನ ಒಂದೇ ಹೊತ್ತಿನಲ್ಲಿ ಆಡುತ್ತಿರುವಾಗ ಒಬ್ಬನಿಗಾಗಿ ಕಾಲ ನಿಲ್ಲುವುದಿಲ್ಲ. ನಾಲ್ವರ ತಂಡದಲ್ಲಿ ಆಡುವ ಹುಡುಗ ನಡುವೆ ಎದ್ದುಹೋದರೆ ಉಳಿದ ಮೂವರು ಗೆಳೆಯರು ಸೋಲುತ್ತಾರೆ, ಮರುದಿನ ಶಾಲೆಯಲ್ಲಿ ಅವನನ್ನು ದೂರುತ್ತಾರೆ. ತಾಯಿ ‘ತಟ್ಟೆ ಹಾಕಿದೆ, ಬಾ’ ಎಂದಾಗ ಅವನು ‘ಇನ್ನೈದೇ ನಿಮಿಷ ಅಮ್ಮ’ ಎನ್ನುವುದರಲ್ಲಿ ಹಟವಷ್ಟೇ ಅಲ್ಲದೆ ನಿಜವಾದ ಇಕ್ಕಟ್ಟೂ ಇದೆ. ಪದ್ಮವ್ಯೂಹ ಹೊಕ್ಕ ಅಭಿಮನ್ಯುವಿನಂತೆ ಅವನಿಗೆ ಒಳಹೋಗುವ ದಾರಿ ಗೊತ್ತು, ನಡುವೆ ಹೊರಬರುವ ದಾರಿ ಇಲ್ಲ. ಆ ಗಳಿಗೆಯಲ್ಲಿ ತಂದೆ ಮೊಬೈಲು ಕಿತ್ತುಕೊಂಡರೆ ಉಂಟಾಗುವ ರೋಷಕ್ಕೆ ಇದೇ ಕಾರಣ. ಆದುದರಿಂದ ಇಂಥ ಆಟಕ್ಕೆ ಗಡಿಯಾರದ ನಿಮಿಷಗಳ ಲೆಕ್ಕ ಹೊಂದುವುದಿಲ್ಲ; ಸುತ್ತುಗಳ ಲೆಕ್ಕ ಹೊಂದುತ್ತದೆ. ‘ಅರ್ಧ ಗಂಟೆ ಆಡು’ ಎನ್ನುವುದಕ್ಕಿಂತ ‘ಒಂದು ಮ್ಯಾಚು ಆಡು, ಎರಡನೆಯದನ್ನು ಹೊಗಬೇಡ’ ಎನ್ನುವ ನಿಯಮ ಪಾಲನೆಗೆ ಸುಲಭ. ಬಾಗಿಲು ಹಾಕಬೇಕಾದದ್ದು ಮ್ಯಾಚಿನ ಮೊದಲು.

ಮೂರನೆಯದು ಒಡನಾಟ. ಇಲ್ಲಿ ನ್ಯಾಯವಾಗಿ ಹೇಳಬೇಕೆಂದರೆ ಕಾಳಗದ ಆಟಕ್ಕೇ ಒಂದು ಅಂಕ ಹೆಚ್ಚು. ಟೆಟ್ರಿಸ್ ಆಡುವವನು ಒಂಟಿ. ತಂಡದ ಆಟದಲ್ಲಿ ಹುಡುಗರು ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಪರಸ್ಪರ ಮಾತಾಡುತ್ತಾರೆ, ಗಾಯಗೊಂಡ ಗೆಳೆಯನನ್ನು ಮೇಲೆತ್ತುತ್ತಾರೆ, ಮದ್ದು ಹಂಚಿಕೊಳ್ಳುತ್ತಾರೆ. ಬೆಂಗಳೂರಿನ ಮಗು ಹಾವೇರಿಯ ಸೋದರಮಾವನ ಮಗನೊಡನೆ ಪ್ರತಿ ಸಂಜೆ ಕೂಡಿ ಆಡಬಲ್ಲದು. ಕೋವಿಡ್ ಕಾಲದಲ್ಲಿ ಮನೆಯೊಳಗೆ ಬಂಧಿಗಳಾದ ಎಷ್ಟೋ ಹದಿಹರೆಯದವರಿಗೆ ಇದೇ ಗೆಳೆತನದ ಅಂಗಳವಾಯಿತು. ಆದರೆ ಆ ಅಂಗಳಕ್ಕೆ ಬೇಲಿಯಿಲ್ಲ. ತಂಡದ ನಾಲ್ಕನೆಯವನು ಯಾರು, ಅವನ ವಯಸ್ಸೆಷ್ಟು, ಅವನ ಭಾಷೆ ಎಂಥದು ಎಂಬುದು ಇಯರ್‌ಫೋನು ಹಾಕಿಕೊಂಡವನಿಗೆ ಮಾತ್ರ ಕೇಳಿಸುತ್ತದೆ. ಪಕ್ಕದಲ್ಲಿ ಕುಳಿತ ತಾಯಿಗೆ ಕೇಳಿಸುವುದಿಲ್ಲ.

ನಾಲ್ಕನೆಯದು ಹಣ. ಬ್ರಿಕ್ ಗೇಮನ್ನು ಒಮ್ಮೆ ಕೊಂಡರೆ ಮುಗಿಯಿತು. ಮೊಬೈಲಿನ ಕಾಳಗದ ಆಟ ಪುಕ್ಕಟೆಯಾಗಿ ಸಿಗುತ್ತದೆ, ಆದರೆ ಒಳಗೊಂದು ಅಂಗಡಿ ಇದೆ. ಅಲ್ಲಿ ಮಾರುವುದು ಬಣ್ಣದ ಅಂಗಿ, ಬಂದೂಕಿಗೆ ಹೊದಿಕೆ, ವಿಶೇಷ ಪಾಸು ಇತ್ಯಾದಿ. ಗುಂಡಿನ ಹೊಡೆತವನ್ನು ತಡೆಯಲಾರದ ಅಂಗಿಗೆ ಹುಡುಗ ನೂರಾರು ರೂಪಾಯಿ ಕೊಡುವುದೇಕೆಂದು ಹಿರಿಯರು ಕೇಳಬಹುದು. ಮದುವೆಗೆ ಒಮ್ಮೆ ಉಟ್ಟು ಪೆಟ್ಟಿಗೆಗಿಡುವ ರೇಷ್ಮೆ ಸೀರೆಯನ್ನು ನೆನೆದುಕೊಂಡರೆ ಉತ್ತರ ಸಿಕ್ಕೀತು. ನಾಲ್ಕು ಜನರ ಕಣ್ಣಿಗೆ ಚೆನ್ನಾಗಿ ಕಾಣುವ ಆಸೆ ಎಲ್ಲ ವಯಸ್ಸಿಗೂ ಒಂದೇ. ಆದರೆ ಸೀರೆ ಕೊಳ್ಳುವಾಗ ಮನೆಯವರು ಕೂಡಿ ಕೊಳ್ಳುತ್ತೇವೆ. ಇಲ್ಲಿ ತಂದೆಯ ಮೊಬೈಲಿಗೆ ಬ್ಯಾಂಕ್ ಖಾತೆ ಸೇರಿಕೊಂಡಿದ್ದು, ಅದರ ಗುಪ್ತಸಂಖ್ಯೆ ಮಗನಿಗೆ ಬಾಯಿಪಾಠವಾಗಿದ್ದರೆ ಸದ್ದಿಲ್ಲದೆ ಹಣ ಹರಿದುಹೋಗುತ್ತದೆ.

ಇಷ್ಟು ಓದಿ ‘ಹಾಗಾದರೆ ಒಗಟಿನ ಆಟವೇ ಮೇಲು’ ಎಂದು ಯಾರಾದರೂ ನಿಶ್ಚಯಿಸಿದರೆ ಸ್ವಲ್ಪ ತಾಳಬೇಕೆಂದು ನಮ್ಮ ವಿನಂತಿ. ಟೆಟ್ರಿಸ್‌ಗೆ ಮದ್ದಿನ ಗುಣವಿರುವುದು ನಿಜ. ಆಕ್ಸ್‌ಫರ್ಡಿನ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಘಾತಕರ ದೃಶ್ಯಗಳನ್ನು ನೋಡಿದ ಕೆಲಹೊತ್ತಿನೊಳಗೆ ಟೆಟ್ರಿಸ್ ಆಡಿದವರಿಗೆ ಆ ದೃಶ್ಯಗಳು ಮರುಕಳಿಸಿ ಕಾಡುವುದು ಕಡಿಮೆಯೆಂದು ಕಂಡುಬಂದಿತು. ಮುಂದೆ ರಸ್ತೆ ಅಪಘಾತಕ್ಕೊಳಗಾಗಿ ಆಸ್ಪತ್ರೆಗೆ ಬಂದವರಲ್ಲಿಯೂ ಇಂಥದೇ ಫಲ ದೊರೆಯಿತು. ಕಣ್ಣು ಆಕಾರಗಳನ್ನು ಜೋಡಿಸುವುದರಲ್ಲಿ ತೊಡಗಿದರೆ ಕೆಟ್ಟ ಚಿತ್ರ ಮನಸ್ಸಿನಲ್ಲಿ ಬೇರೂರಲು ಎಡೆ ಸಿಗುವುದಿಲ್ಲವೆಂಬುದು ಇದರ ಹಿಂದಿನ ತರ್ಕ. ಆದರೆ ಅದೇ ಗುಣ ಅತಿಯಾದರೆ ಕಣ್ಣು ಮುಚ್ಚಿದರೂ ಇಟ್ಟಿಗೆ ಬೀಳುತ್ತಿರುತ್ತದೆ; ನಿದ್ದೆ ಕೆಡುತ್ತದೆ. 2012ರಲ್ಲಿ ಬಂದ ಕ್ಯಾಂಡಿ ಕ್ರಷ್ ಎಂಬ ಮಿಠಾಯಿ ಜೋಡಿಸುವ ಒಗಟು ‘ಐದು ಜೀವ ಮುಗಿಯಿತು, ಕಾಯಿರಿ, ಇಲ್ಲವೇ ಹಣ ಕೊಡಿ’ ಎಂಬ ಉಪಾಯದಿಂದ ಎಷ್ಟೋ ದೊಡ್ಡವರನ್ನೇ ಹಿಡಿದಿಟ್ಟಿತು. ಮಗನ ಪಬ್‌ಜಿಯನ್ನು ಗದರಿಸುವ ಎಷ್ಟೋ ಹಿರಿಯರ ಕೈಯಲ್ಲಿ ಅದೇ ಹೊತ್ತಿಗೆ ಮಿಠಾಯಿಗಳು ಸಿಡಿಯುತ್ತಿರುತ್ತವೆ ಎಂಬುದನ್ನು ಮಕ್ಕಳು ಗಮನಿಸದೆ ಬಿಟ್ಟಾರೆಯೆ?

ಇನ್ನು ಸರ್ಕಾರವೇ ನಿಷೇಧಿಸಲಿ ಎಂಬ ಮಾತು. ಭಾರತ ಸರ್ಕಾರ 2020ರ ಸೆಪ್ಟೆಂಬರ್ 2ರಂದು ಪಬ್‌ಜಿ ಮೊಬೈಲ್ ಸೇರಿದಂತೆ 118 ಆ್ಯಪ್‌ಗಳನ್ನು ತಡೆಹಿಡಿಯಿತು. ಎಷ್ಟೋ ತಾಯಂದಿರು ಅಂದು ದೇವರಿಗೆ ದೀಪ ಹಚ್ಚಿರಬಹುದು. ಆದರೆ ಆ ಆಜ್ಞೆಗೆ ಕಾರಣ ಮಕ್ಕಳ ಓದಾಗಿರಲಿಲ್ಲ. ದೇಶದ ಭದ್ರತೆ ಮತ್ತು ಬಳಕೆದಾರರ ಮಾಹಿತಿಯ ರಕ್ಷಣೆಯಾಗಿತ್ತು. 2021ರ ಜುಲೈಯಲ್ಲಿ ಅದೇ ಆಟ ಬಿಜಿಎಂಐ ಎಂಬ ಹೆಸರಿನಲ್ಲಿ ಮರಳಿತು. 2022ರ ಜುಲೈಯಲ್ಲಿ ಅದನ್ನೂ ತೆಗೆದುಹಾಕಲಾಯಿತು. 2023ರ ಮೇ ತಿಂಗಳಲ್ಲಿ ಮತ್ತೆ ಬಂದಿತು. ಆಗ 18 ವರ್ಷದೊಳಗಿನವರಿಗೆ ದಿನಕ್ಕೆ 3 ಗಂಟೆ, ಉಳಿದವರಿಗೆ 6 ಗಂಟೆ ಎಂಬ ಮಿತಿಯನ್ನು ಆಟದೊಳಗೇ ಇಟ್ಟರು. ಶಾಲೆಗೆ ಹೋಗುವ ಮಗುವಿಗೆ ದಿನಕ್ಕೆ ಮೂರು ಗಂಟೆ ಕಡಿಮೆಯೇನಲ್ಲ. ವಯಸ್ಸಿನ ಜಾಗದಲ್ಲಿ ತಂದೆಯ ವಯಸ್ಸನ್ನು ಬರೆದರೆ ಆ ಮಿತಿಯೂ ಇಲ್ಲ. ಫ್ರೀ ಫೈರ್ ಎಂಬ ಇನ್ನೊಂದು ಆಟವನ್ನು 2022ರ ಫೆಬ್ರವರಿಯಲ್ಲಿ ತಡೆದರು. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಕಾಯ್ದೆ ಹಣವನ್ನು ಪಣವಿಟ್ಟು ಆಡುವ ಆಟಗಳನ್ನು ನಿಷೇಧಿಸುತ್ತದೆ. ಪಣವಿಲ್ಲದ ಆಟಗಳನ್ನೂ ಇ-ಕ್ರೀಡೆಯನ್ನೂ ಪ್ರೋತ್ಸಾಹಿಸುತ್ತದೆ. ಆದ್ದರಿಂದ ಕಾನೂನಿನ ಬೇಲಿ ಜೂಜಿಗೆ ಅಡ್ಡ ಬಂದೀತೇ ಹೊರತು ರಾತ್ರಿ ಹನ್ನೊಂದಕ್ಕೆ ಹೊದಿಕೆಯೊಳಗೆ ಹೊಳೆಯುವ ಪರದೆಗೆ ಅಡ್ಡ ಬರಲಾರದು. ಆ ಕೆಲಸ ಮನೆಯದೇ.

ಇದು ಹಗುರವಾಗಿ ತಳ್ಳಿಹಾಕುವ ವಿಷಯವೂ ಅಲ್ಲ. 2019ರ ಸೆಪ್ಟೆಂಬರಿನಲ್ಲಿ ಬೆಳಗಾವಿಯ ಸಮೀಪದ ಕಾಕತಿಯಲ್ಲಿ, ಮೊಬೈಲಿನಲ್ಲಿ ಪಬ್‌ಜಿ ಆಡಬೇಡವೆಂದ ತಂದೆಯನ್ನೇ ಮಗ ಕೊಂದನೆಂಬ ವರದಿ ನಾಡನ್ನು ನಡುಗಿಸಿತು. ಲಕ್ಷಾಂತರ ಯುವಕರು ಆಡಿದ ಆಟವೊಂದೇ ಅಂಥ ಘೋರಕ್ಕೆ ಪೂರ್ಣ ಕಾರಣವೆಂದು ಹೇಳಲಾಗದು. ಆದರೆ ಮಗುವಿನ ಮನಸ್ಸು ತಪ್ಪುದಾರಿ ಹಿಡಿದಿರುವ ಸೂಚನೆಗಳನ್ನು ಮನೆ ಗುರುತಿಸಬೇಕೆಂಬ ಎಚ್ಚರಿಕೆ ಅದರಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿ 2022ರ ಜನವರಿಯಿಂದ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ ಆಟದ ವ್ಯಸನಕ್ಕೂ ಸ್ಥಾನವಿದೆ. ಅದರ ಲಕ್ಷಣಗಳು ಮೂರು: ಆಟದ ಮೇಲೆ ಹಿಡಿತ ತಪ್ಪುವುದು, ಊಟ, ಓದು, ಗೆಳೆತನಗಳಿಗಿಂತ ಆಟವೇ ಮೇಲಾಗುವುದು, ಕೇಡಾಗುತ್ತಿದೆಯೆಂದು ತಿಳಿದ ಮೇಲೂ ಮುಂದುವರಿಸುವುದು. ಇವು ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ ಕಂಡುಬಂದರೆ ಮಾತ್ರ ರೋಗವೆನ್ನುತ್ತಾರೆ. ಅಂದರೆ ಎರಡು ವಾರ ರಜೆಯಲ್ಲಿ ಹೆಚ್ಚು ಆಡಿದ ಮಗುವಿಗೆ ರೋಗಿಯ ಹಣೆಪಟ್ಟಿ ಕಟ್ಟಬಾರದು. ವರ್ಷವಿಡೀ ಬಾಡುತ್ತಿರುವ ಮಗುವನ್ನು ‘ವಯಸ್ಸಿನ ಆಟ’ ಎಂದು ಬಿಡಲೂಬಾರದು. ಇಂಥ ತೊಂದರೆಗೆಂದೇ ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಲ್ಲಿ ‘ಷಟ್’ ಎಂಬ ಚಿಕಿತ್ಸಾಲಯ ಆರಂಭವಾಯಿತು. ಮನಸ್ಸಿನ ಯಾವ ಕಷ್ಟಕ್ಕೂ 14416 ಎಂಬ ‘ಟೆಲಿ ಮಾನಸ್’ ದೂರವಾಣಿಯಲ್ಲಿ ಉಚಿತ ಸಲಹೆ ದೊರೆಯುತ್ತದೆ. ಮನೆಯ ಮಾನ ಹೋದೀತೆಂಬ ಸಂಕೋಚದಿಂದ ವೈದ್ಯರ ಬಳಿ ಹೋಗದೆ ಉಳಿಯುವುದು ತರವಲ್ಲ. ಜ್ವರ ಬಂದರೆ ನಾವು ಅಡಗಿಸಿಡುತ್ತೇವೆಯೆ?

ಕಡೆಯದಾಗಿ, ಓದುಗ ಬಂಧುಗಳ ಮುಂದೆ ನಮ್ಮ ಕೆಲವು ಸಲಹೆಗಳು. ಮಗು ಆಡುವ ಆಟವನ್ನು ತಂದೆತಾಯಿಗಳು ಒಮ್ಮೆಯಾದರೂ ಪಕ್ಕದಲ್ಲಿ ಕುಳಿತು ನೋಡಬೇಕು, ಸಾಧ್ಯವಾದರೆ ಆಡಬೇಕು. ಛತ್ರಿಯಿಂದ ಇಳಿದ ಅರ್ಧ ನಿಮಿಷದಲ್ಲಿ ತಂದೆ ಸತ್ತುಬಿದ್ದದ್ದನ್ನು ಕಂಡು ಮಗ ಮನಸಾರೆ ನಗಲಿ; ಆ ನಗುವಿನ ನಂತರ ಹೇಳಿದ ಮಾತು ಗದರಿಕೆಗಿಂತ ಆಳಕ್ಕೆ ಇಳಿಯುತ್ತದೆ. ತಡೆದು ನಿಲ್ಲಿಸಬಹುದಾದ ಆಟಕ್ಕೆ ನಿಮಿಷದ ಮಿತಿ, ನಿಲ್ಲಿಸಲಾಗದ ಆಟಕ್ಕೆ ಮ್ಯಾಚಿನ ಮಿತಿ ಇರಲಿ. ಊಟದ ಹೊತ್ತಿಗೆ ಮುಕ್ಕಾಲು ಗಂಟೆ ಮುಂಚಿನಿಂದ ಹೊಸ ಮ್ಯಾಚು ಬೇಡ. ಆಡುವುದು ನಡುಮನೆಯಲ್ಲಿರಲಿ, ಮುಚ್ಚಿದ ಕೋಣೆಯಲ್ಲಿ ಬೇಡ. ಹಣದ ಗುಪ್ತಸಂಖ್ಯೆ ಮಕ್ಕಳಿಗೆ ತಿಳಿಯದಿರಲಿ. ರಾತ್ರಿ ಮನೆಯ ಎಲ್ಲರ ಮೊಬೈಲುಗಳೂ ಒಂದೇ ಕಪಾಟಿನ ಮೇಲೆ ಮಲಗಲಿ. ಎಲ್ಲರದೂ ಎಂದರೆ ತಂದೆಯದೂ ಸೇರಿ.

ಇದರ ಜೊತೆಗೆ ಅಟ್ಟದ ಮೇಲಿನ ಅಳಗುಳಿಮಣೆಯನ್ನು ಕೆಳಗಿಳಿಸಿ. ಹುಣಿಸೆಬೀಜ ಉಜ್ಜಿ ಚೌಕಾಬಾರಕ್ಕೆ ಕೂರಿ. ಅಲ್ಲಿಯೂ ಲೆಕ್ಕಾಚಾರವಿದೆ, ಅಲ್ಲಿಯೂ ಎದುರಾಳಿಯ ಕಾಯಿಯನ್ನು ಕಡಿಯುವ ಹುಮ್ಮಸ್ಸಿದೆ. ಒಗಟೂ ಕಾಳಗವೂ ಎರಡೂ ಕೂಡಿವೆ. ಆದರೆ ಕಡಿಸಿಕೊಂಡವನ ಮುಖ ಒಂದು ಮೊಳ ದೂರದಲ್ಲಿ ಕಾಣುತ್ತದೆ. ಆ ಮುಖ ಬಾಡಿದರೆ ಗೆದ್ದವನಿಗೆ ಗೊತ್ತಾಗುತ್ತದೆ, ‘ಬಾ, ಇನ್ನೊಂದಾಟ ಆಡೋಣ’ ಎಂದು ಅವನೇ ಕರೆಯುತ್ತಾನೆ. ಸಂಜೆ ದುಡಿದು ದಣಿದು ಬಂದ ತಂದೆತಾಯಿಗಳಿಗೆ ಅರ್ಧ ಗಂಟೆ ಮಗುವಿನೆದುರು ಕೂರುವುದು ಸುಲಭವಲ್ಲವೆಂದು ನಾವು ಬಲ್ಲೆವು. ಆದರೆ ಆ ಅರ್ಧ ಗಂಟೆಯನ್ನು ನಾವು ಕೊಡದಿದ್ದರೆ ಅದನ್ನು ಕೊಡಲು ದೂರದ ದ್ವೀಪವೊಂದರಲ್ಲಿ ತೊಂಬತ್ತೊಂಬತ್ತು ಜನ ಅಪರಿಚಿತರು ಸದಾ ಸಿದ್ಧರಾಗಿರುತ್ತಾರೆ.